ಹಿತ್ತಲಲ್ಲಿ ಅರಳಿದ ಬಿಳಿ ಚೆಂಡು ಹೂವು: 10,000 ಡಾಲರ್ ಬೀಜದ ಕಥೆ

ಇವತ್ತಿನ ಎಪಿಸೋಡ್ ಶುರು ಮಾಡೋ ಮುಂಚೆ ಒಂದು ಪ್ರಶ್ನೆ. ಚೆಂಡು ಹೂವು ಅಂದ ತಕ್ಷಣ ನಿಮಗೆ ಯಾವ ಬಣ್ಣ ನೆನಪಾಗುತ್ತೆ?

ಕೇಸರಿ. ಇಲ್ಲಾಂದ್ರೆ ಹಳದಿ. ಆಯುಧ ಪೂಜೆಗೆ ಬೈಕಿಗೆ ಹಾಕೋ ಹಾರ, ದೀಪಾವಳಿಗೆ ಬಾಗಿಲಿಗೆ ಕಟ್ಟೋ ತೋರಣ, ಮದುವೆ ಮಂಟಪ, ಎಲ್ಲಾ ಕಡೆ ಇವೆರಡೇ ಬಣ್ಣ. ಬಿಳಿ ಚೆಂಡು ಹೂವು ನೋಡಿದ ನೆನಪು ನಮ್ಮಲ್ಲಿ ಬಹಳ ಜನಕ್ಕೆ ಇರಲಿಕ್ಕಿಲ್ಲ.

1954ರಲ್ಲಿ ಅಮೆರಿಕದ ಒಂದು ಬೀಜದ ಕಂಪನಿ ಇದೇ ಬಿಳಿ ಚೆಂಡು ಹೂವಿಗೆ ಬಹುಮಾನ ಸಾರಿತು. ಬಹುಮಾನದ ಮೊತ್ತ 10,000 ಡಾಲರ್. ಷರತ್ತು ಸರಳ. ಹೂವು ಬೆಳ್ಳಗಿರಬೇಕು, ಅಗಲ ಕನಿಷ್ಠ ಎರಡೂವರೆ ಇಂಚು ಇರಬೇಕು. ಹೂವು ತೋರಿಸಿದರೆ ಸಾಲದು, ಬೀಜ ಕಳಿಸಬೇಕು. ಆ ಬೀಜ ಬಿತ್ತಿದರೆ ಮತ್ತೆ ಬಿಳಿ ಹೂವೇ ಬರಬೇಕು.

ಬಹುಮಾನ ಗೆದ್ದವರು ಸಿಕ್ಕಿದ್ದು 1975ರಲ್ಲಿ. ಅಂದರೆ 21 ವರ್ಷ ಆದಮೇಲೆ. ಗೆದ್ದವರು ವಿಜ್ಞಾನಿ ಅಲ್ಲ, ಯಾವ ಲ್ಯಾಬಿನಲ್ಲೂ ಕೆಲಸ ಮಾಡಿದವರಲ್ಲ. ಅಯೋವಾ ರಾಜ್ಯದ ಸಲ್ಲಿ ಅನ್ನೋ ಊರಿನ ಆಲಿಸ್ ವೊಂಕ್ ಅನ್ನೋ ಮಹಿಳೆ. ಸಲ್ಲಿಯ ಜನಸಂಖ್ಯೆ ಇವತ್ತಿಗೂ ಸಾವಿರ ದಾಟಿಲ್ಲ.

ಈ ಕಥೆಯನ್ನ ಸಾಮಾನ್ಯವಾಗಿ ಒಂದು ಸಿಹಿ ಸುದ್ದಿ ಥರ ಹೇಳಿ ಮುಗಿಸ್ತಾರೆ. ನನಗೆ ಇದರಲ್ಲಿ ಬೇರೆ ಒಂದು ವಿಷಯ ಕಾಣುತ್ತೆ. ಬಹುಮಾನ ಕೊಟ್ಟ ಕಂಪನಿ, ಜನ ಮನೆಯಲ್ಲಿ ಬೀಜ ಎತ್ತಿಡೋ ಅಭ್ಯಾಸಕ್ಕೆ ಕೊನೆ ಹಾಡಿದ ವ್ಯಾಪಾರದ ಮುಂಚೂಣಿಯಲ್ಲೇ ಇತ್ತು. ಆದರೆ ಅದಕ್ಕೆ ಬೇಕಾದ ಹೂವು ಸಿಕ್ಕಿದ್ದು ಮನೆಯಲ್ಲಿ ಬೀಜ ಎತ್ತಿಟ್ಟವರಿಂದ. ಇದು ಹೇಗಾಯ್ತು ಅನ್ನೋದೇ ಇವತ್ತಿನ ಇತಿಹಾಸ.

ಮೆಕ್ಸಿಕೊದಿಂದ ನಮ್ಮ ಬಾಗಿಲಿಗೆ

ಮೊದಲು ಹೂವಿನ ಊರು ತಿಳ್ಕೊಳ್ಳೋಣ. ಚೆಂಡು ಹೂವು ನಮ್ಮ ದೇಶದ್ದೇ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಆದರೆ ಅದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಅಲ್ಲಿನ ಆಜ್ಟೆಕ್ ಜನರ ನಹುವಾತ್ಲ್ ಭಾಷೆಯಲ್ಲಿ ಇದಕ್ಕೆ ಇದ್ದ ಹೆಸರಿನ ಅರ್ಥ 'ಇಪ್ಪತ್ತು ಹೂವು'. ಒಂದೇ ಹೂವಿನಲ್ಲಿ ಅಷ್ಟು ಎಸಳು ಅನ್ನೋ ಅರ್ಥದಲ್ಲಿ. ಇವತ್ತಿಗೂ ಮೆಕ್ಸಿಕೊದಲ್ಲಿ ನವೆಂಬರ್ ಆರಂಭದಲ್ಲಿ ತೀರಿಹೋದ ಹಿರಿಯರನ್ನ ನೆನೆಯೋ ಹಬ್ಬಕ್ಕೆ ಇದೇ ಹೂವು ಬೇಕು. ನಮ್ಮಲ್ಲಿ ಪಿತೃಪಕ್ಷ ಇದ್ದ ಹಾಗೆ ಅಲ್ಲಿ ಆ ಹಬ್ಬ. ಸಮಾಧಿಯಿಂದ ಮನೆಬಾಗಿಲ ತನಕ ಎಸಳು ಉದುರಿಸಿ, ಹಿರಿಯರಿಗೆ ದಾರಿ ತೋರಿಸ್ತಾರೆ.

16ನೇ ಶತಮಾನದಲ್ಲಿ ಸ್ಪೇನಿನವರು ಮೆಕ್ಸಿಕೊ ಗೆದ್ದಮೇಲೆ ಬೀಜ ಹಡಗು ಹತ್ತಿತು. ಮೆಣಸಿನಕಾಯಿ, ಟೊಮೆಟೊ, ಮುಸುಕಿನ ಜೋಳ ಅಟ್ಲಾಂಟಿಕ್ ದಾಟಿದ ಕಾಲದಲ್ಲೇ ಈ ಹೂವೂ ದಾಟಿತು. ಉತ್ತರ ಆಫ್ರಿಕಾ ಕಡೆಯಿಂದ ಬಂದದ್ದು ಅಂತ ಯುರೋಪಿನವರು ತಿಳಿದು, ಎತ್ತರದ ದೊಡ್ಡ ಹೂವಿಗೆ 'ಆಫ್ರಿಕನ್ ಮೇರಿಗೋಲ್ಡ್' ಅಂತ ಹೆಸರಿಟ್ಟರು. ಗಿಡ್ಡ, ಚಿಕ್ಕ ಹೂವಿನದಕ್ಕೆ 'ಫ್ರೆಂಚ್ ಮೇರಿಗೋಲ್ಡ್'. ಎರಡೂ ಮೆಕ್ಸಿಕೊ ಕಡೆಯವೇ. ಹೆಸರು ಮಾತ್ರ ತಪ್ಪಾಗಿ ಹಾಗೇ ಉಳ್ಕೊಂಡಿದೆ.

ಅಲ್ಲಿಂದ ನಮ್ಮಲ್ಲಿಗೆ ಬಂದ ಹೂವು ಎಷ್ಟು ಒಗ್ಗಿಹೋಯ್ತು ಅಂದ್ರೆ, ಇವತ್ತು ಅದಿಲ್ಲದೆ ದಸರಾ ಊಹಿಸೋಕೂ ಆಗಲ್ಲ. ಒಂದು ಕಾರಣ ಸುಲಭವಾಗಿ ಗೊತ್ತಾಗುತ್ತೆ. ಇದು ಒಂದೇ ಹಂಗಾಮಿನಲ್ಲಿ ಮೊಳೆತು, ಹೂಬಿಟ್ಟು, ಬೀಜ ಕಟ್ಟಿ ಒಣಗಿಹೋಗುವ ಗಿಡ. ಇಂಥವನ್ನ ಏಕವಾರ್ಷಿಕ ಅಂತಾರೆ. ಬಾಡಿದ ಒಂದು ಹೂವನ್ನ ಕೈಯಲ್ಲಿ ಉಜ್ಜಿದರೆ ಕಪ್ಪು ಕಡ್ಡಿಯಂಥ ಬೀಜಗಳು ಉದುರುತ್ತವೆ. ಹಳೆ ಹಾರ ಬಿಸಾಕಿದ ಜಾಗದಲ್ಲಿ ಮಳೆ ಬಿದ್ದಮೇಲೆ ತಾನಾಗೇ ಸಸಿ ಎದ್ದಿರೋದು ನೀವೂ ನೋಡಿರ್ತೀರಿ.

ಅಂಚೆಯಲ್ಲಿ ಬಂದ ಹೂದೋಟ

ಈಗ ಬಹುಮಾನ ಕೊಟ್ಟ ಕಂಪನಿಗೆ ಬರೋಣ. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಡಬ್ಲ್ಯೂ. ಆಟ್ಲೀ ಬರ್ಪಿ ಅನ್ನೋ 18ರ ಹುಡುಗ ಅಮ್ಮನ ಹತ್ತಿರ 1,000 ಡಾಲರ್ ಸಾಲ ತಗೊಂಡು ಒಂದು ವ್ಯಾಪಾರ ಶುರು ಮಾಡಿದ. ಮೊದಲು ಮಾರುತ್ತಿದ್ದದ್ದು ಒಳ್ಳೆ ತಳಿಯ ಕೋಳಿ. ಆಮೇಲೆ ಗಿರಾಕಿಗಳು ಬೀಜ ಕೇಳೋಕೆ ಶುರು ಮಾಡಿದರು. ಯುರೋಪಿನಿಂದ ಬಂದು ಅಮೆರಿಕದ ಒಳನಾಡಿನಲ್ಲಿ ನೆಲೆಸಿದ ರೈತರಿಗೆ ಒಳ್ಳೆ ಬೀಜದ ಅಂಗಡಿ ಹತ್ತಿರ ಇರಲಿಲ್ಲ. ಆದರೆ ರೈಲು ಇತ್ತು, ಅಂಚೆ ಇತ್ತು. ಬರ್ಪಿ ಒಂದು ಕ್ಯಾಟಲಾಗ್ ಅಚ್ಚು ಹಾಕಿ ಕಳಿಸಿದ.

ಇವತ್ತು ನಾವು ಫೋನಿನಲ್ಲಿ ಶಾಪಿಂಗ್ ಆ್ಯಪ್ ತೆರೆದು ಸ್ಕ್ರೋಲ್ ಮಾಡ್ತೀವಲ್ಲ, ಆಗಿನ ಮನೆಗಳಲ್ಲಿ ಆ ಜಾಗ ಬೀಜದ ಕ್ಯಾಟಲಾಗಿನದು. ಜನವರಿಯಲ್ಲಿ ಹೊರಗೆ ಹಿಮ, ನೆಲ ಕಲ್ಲಾಗಿರುತ್ತೆ. ಆಗ ಬಣ್ಣದ ಹೂವಿನ ಚಿತ್ರಗಳಿರುವ ಪುಸ್ತಕ ಮನೆಗೆ ಬರುತ್ತೆ. ಇಡೀ ಮನೆ ಕೂತು ಯಾವ ಬೀಜ ತರಿಸೋದು ಅಂತ ಲೆಕ್ಕ ಹಾಕ್ತಾರೆ. ವಸಂತ ಬಂದು ಹಿಮ ಕರಗಿದಮೇಲೆ ಬಿತ್ತನೆ. 1915ರಲ್ಲಿ ಆಟ್ಲೀ ಬರ್ಪಿ ತೀರಿಕೊಂಡಾಗ ಅವನದು ಜಗತ್ತಿನ ಅತಿ ದೊಡ್ಡ ಬೀಜದ ಕಂಪನಿಗಳಲ್ಲಿ ಒಂದು. ಮಗ ಡೇವಿಡ್ ಬರ್ಪಿಗೆ ಆಗ 22 ವರ್ಷ. ವ್ಯಾಪಾರ ಅವನ ಕೈಗೆ ಬಂತು.

ಆ ಕಾಲದ ಸ್ಟಾರ್ ಹೂವು ಸ್ವೀಟ್ ಪೀ. ಬಟಾಣಿ ಬಳ್ಳಿಯಂಥ ಬಳ್ಳಿ, ಒಳ್ಳೆ ಪರಿಮಳ. ಆದರೆ ಅಮೆರಿಕದ ತೋಟಗಳಲ್ಲಿ ಅದಕ್ಕೆ ರೋಗ ಬಿದ್ದು ಬೇಡಿಕೆ ಕುಸಿಯೋಕೆ ಶುರುವಾಯ್ತು. ಡೇವಿಡ್‌ಗೆ ಅದರ ಜಾಗ ತುಂಬೋ ಹೂವು ಬೇಕಿತ್ತು. ಅವನು ಆರಿಸಿದ್ದು ಚೆಂಡು ಹೂವನ್ನ. ಸುಲಭವಾಗಿ ಬೆಳೆಯುತ್ತೆ, ಬಿಸಿಲು ತಡೆಯುತ್ತೆ, ತಿಂಗಳುಗಟ್ಟಲೆ ಹೂ ಬಿಡುತ್ತೆ.

ಒಂದೇ ತೊಂದರೆ, ವಾಸನೆ. ನಮಗೆ ಹಬ್ಬದ ಮನೆಯ ಘಮ ಅನಿಸೋದು ಅಲ್ಲಿನ ಎಷ್ಟೋ ಜನಕ್ಕೆ ಮೂಗು ಮುಚ್ಚಿಕೊಳ್ಳೋ ವಾಸನೆ. ಡೇವಿಡ್ ವಾಸನೆ ಇಲ್ಲದ ಗಿಡಕ್ಕಾಗಿ ಜಗತ್ತೆಲ್ಲ ಹುಡುಕಾಡಿಸಿದ. ಕೊನೆಗೆ ಚೀನಾದಲ್ಲಿದ್ದ ಒಬ್ಬ ಅಮೆರಿಕನ್ ಮಿಷನರಿ ಕಳಿಸಿದ ಬೀಜದಿಂದ ದಾರಿ ಸಿಕ್ಕಿತು. 1937ರಲ್ಲಿ ಎಲೆಗೆ ವಾಸನೆ ಇಲ್ಲದ 'ಕ್ರೌನ್ ಆಫ್ ಗೋಲ್ಡ್' ಮಾರುಕಟ್ಟೆಗೆ ಬಂತು.

ಅಷ್ಟಕ್ಕೇ ನಿಲ್ಲಲಿಲ್ಲ. ಚೆಂಡು ಹೂವೇ ಅಮೆರಿಕದ ರಾಷ್ಟ್ರೀಯ ಹೂವು ಆಗಬೇಕು ಅಂತ ಡೇವಿಡ್ ವರ್ಷಗಟ್ಟಲೆ ಪ್ರಚಾರ ಮಾಡಿದ. ಎವರೆಟ್ ಡರ್ಕ್‌ಸನ್ ಅನ್ನೋ ಪ್ರಭಾವಿ ಸೆನೆಟರ್ ಈ ಮಾತನ್ನ ಸಂಸತ್ತಿನ ತನಕ ತಗೊಂಡು ಹೋದರು. ಕೊನೆಗೆ 1986ರಲ್ಲಿ ಆ ಪಟ್ಟ ಗುಲಾಬಿಗೆ ಸಿಕ್ಕಿತು, ಅದು ಬೇರೆ ಮಾತು.

ಬಿತ್ತಿದಂತೆ ಬೆಳೆ ಅನ್ನೋ ಗಾದೆ ಸುಳ್ಳಾದಾಗ

ಬೀಜದ ವ್ಯಾಪಾರಕ್ಕೆ ಹುಟ್ಟಿನಿಂದಲೇ ಒಂದು ಸಮಸ್ಯೆ ಇದೆ. ಒಂದು ಸಲ ಪ್ಯಾಕೆಟ್ ಕೊಂಡ ಗಿರಾಕಿ, ಮುಂದಿನ ವರ್ಷ ಯಾಕೆ ಬರಬೇಕು? ಗಿಡವೇ ಅವನ ಹಿತ್ತಲಲ್ಲಿ ನೂರು ಬೀಜ ಕಟ್ಟಿರುತ್ತೆ. ನಮ್ಮ ಅಜ್ಜಿಯರು ಬೂದಿ ಬೆರೆಸಿ, ಕುಡಿಕೆಯಲ್ಲಿ ಮುಚ್ಚಿ, ಅಟ್ಟದ ಮೇಲೆ ಇಡ್ತಿದ್ದ ಬೀಜ ಇದೇ ಅಲ್ವಾ.

ಕಾನೂನೂ ಸಹಾಯಕ್ಕೆ ಇರಲಿಲ್ಲ. 1930ರಲ್ಲಿ ಅಮೆರಿಕ ಗಿಡಗಳಿಗೆ ಪೇಟೆಂಟ್ ಕೊಡೋ ಕಾನೂನು ತಂತು. ಆದರೆ ಅದು ಕಸಿ ಅಥವಾ ಕಡ್ಡಿಯಿಂದ ಬೆಳೆಸುವ ಗುಲಾಬಿ, ಸೇಬಿನಂಥವಕ್ಕೆ ಮಾತ್ರ. ಬೀಜದಿಂದ ಬೆಳೆಯೋ ಹೂವಿಗೆ ಅದು ಅನ್ವಯಿಸ್ತಾ ಇರಲಿಲ್ಲ. ಬೀಜದ ತಳಿಗಳಿಗೆ ಅಲ್ಲಿ ಹಕ್ಕು ಸಿಕ್ಕಿದ್ದು 1970ರ ಕಾನೂನಿನಿಂದ.

ಅದಕ್ಕೂ ಮೊದಲೇ ಕಂಪನಿಗಳಿಗೆ ಒಂದು ಬೀಗ ಸಿಕ್ಕಿತ್ತು. ಕಾನೂನಿನದಲ್ಲ, ಪ್ರಕೃತಿಯದೇ. ಅದರ ಹೆಸರು ಎಫ್1 ಹೈಬ್ರಿಡ್.

ಸರಳವಾಗಿ ಹೇಳ್ತೀನಿ. ಎರಡು ಬೇರೆ ಬೇರೆ ಶುದ್ಧ ಸಾಲಿನ ಗಿಡಗಳನ್ನ ಬೆರೆಸಿದಾಗ ಹುಟ್ಟೋ ಮೊದಲ ಪೀಳಿಗೆ ಎಫ್1. ಅದರಲ್ಲಿ ಎಲ್ಲಾ ಗಿಡಗಳೂ ಒಂದೇ ಎತ್ತರ, ಒಂದೇ ಬಣ್ಣ, ಸಾಮಾನ್ಯವಾಗಿ ತಂದೆ ತಾಯಿಗಿಂತ ಗಟ್ಟಿ. ಆದರೆ ಆ ಗಿಡದ ಬೀಜ ತೆಗೆದು ಬಿತ್ತಿದರೆ ಅಜ್ಜ ಅಜ್ಜಿಯ ಗುಣಗಳೆಲ್ಲ ಬೇರೆ ಬೇರೆಯಾಗಿ ಹೊರಗೆ ಬರುತ್ತವೆ. ಒಂದು ಗಿಡ ಎತ್ತರ, ಇನ್ನೊಂದು ಗಿಡ್ಡ, ಒಂದು ಕೇಸರಿ, ಇನ್ನೊಂದು ತೆಳು ಹಳದಿ. ಬಿತ್ತಿದಂತೆ ಬೆಳೆ ಅಂತ ಗಾದೆ ಇದೆ. ಹೈಬ್ರಿಡ್ ಬಂದಮೇಲೆ ಆ ಗಾದೆ ಸುಳ್ಳಾಯ್ತು. ಅದೇ ಹೂವು ಬೇಕಂದ್ರೆ ಮತ್ತೆ ಪ್ಯಾಕೆಟ್ ಕೊಳ್ಳಬೇಕು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡ್ತೀನಿ. ಹೈಬ್ರಿಡ್ ಬೀಜ ಎರಡನೇ ಸಲ ಮೊಳೆಯೋದೇ ಇಲ್ಲ ಅಂತ ವಾಟ್ಸಾಪಿನಲ್ಲಿ ಓಡಾಡೋ ಮಾತು ಸಾಮಾನ್ಯವಾಗಿ ಸರಿ ಅಲ್ಲ. ಹೆಚ್ಚಿನವು ಮೊಳೆಯುತ್ತವೆ, ಆದರೆ ಒಂದೇ ಥರ ಬರಲ್ಲ. ಚೆಂಡು ಹೂವಿನಲ್ಲಿ ಒಂದು ನಿಜವಾದ ಅಪವಾದ ಇದೆ. ಆಫ್ರಿಕನ್ ಜಾತಿಯಲ್ಲಿ 24 ಕ್ರೋಮೋಸೋಮ್, ಫ್ರೆಂಚ್ ಜಾತಿಯಲ್ಲಿ 48. ಇವೆರಡನ್ನ ಬೆರೆಸಿದರೆ 36 ಇರೋ ಗಿಡ ಹುಟ್ಟುತ್ತೆ. ಕುದುರೆ ಮತ್ತು ಕತ್ತೆಗೆ ಹುಟ್ಟಿದ ಹೇಸರಗತ್ತೆಯ ಥರ, ಅದಕ್ಕೆ ಸಂತಾನ ಇಲ್ಲ. ಬೀಜ ಕಟ್ಟೋ ಕೆಲಸ ಇಲ್ಲದ್ದರಿಂದ ಹೂ ಬಿಡ್ತಾನೇ ಇರುತ್ತೆ. ತೋಟಕ್ಕೆ ಚೆಂದ, ಕಂಪನಿಗೂ ಲಾಭ. ಬರ್ಪಿ ಕಂಪನಿ 1930ರ ದಶಕದ ಕೊನೆಯ ಹೊತ್ತಿಗೇ ಇಂಥ ಚೆಂಡು ಹೂವು ಮಾರುತ್ತಿತ್ತು. 1949ರಲ್ಲಿ ಅವರ 'ಬಿಗ್ ಬಾಯ್' ಹೈಬ್ರಿಡ್ ಟೊಮೆಟೊ ಬಂದು ಅಮೆರಿಕದ ಮನೆ ತೋಟಗಳಲ್ಲಿ ಮನೆಮಾತಾಯ್ತು.

ಅಂದರೆ 1954ರಲ್ಲಿ ಬಿಳಿ ಹೂವಿನ ಬಹುಮಾನ ಸಾರಿದಾಗ ಪರಿಸ್ಥಿತಿ ಹೀಗಿತ್ತು. ಒಂದು ಕಡೆ ಕಂಪನಿ ಜನರಿಗೆ ಹೇಳ್ತಿದೆ, ಬೀಜ ಎತ್ತಿಡೋ ಗೋಜು ಬೇಡ, ಪ್ರತಿ ವರ್ಷ ಹೊಸ ಹೈಬ್ರಿಡ್ ಕೊಳ್ಳಿ. ಇನ್ನೊಂದು ಕಡೆ ಅದೇ ಕಂಪನಿ ಅದೇ ಜನರನ್ನ ಕೇಳ್ತಿದೆ, ನಿಮ್ಮ ಹಿತ್ತಲಲ್ಲಿ ಬೀಜ ಎತ್ತಿಟ್ಟು, ನಮಗೆ ಸಿಗದ ಒಂದು ಹೂವು ಹುಡುಕಿ ಕೊಡಿ.

ಬಿಳಿ ಯಾಕೆ ಅಷ್ಟು ಕಷ್ಟ

ಚೆಂಡು ಹೂವಿನ ಬಣ್ಣ ಬರೋದು ಕ್ಯಾರೊಟಿನಾಯ್ಡ್ ಅನ್ನೋ ವರ್ಣದ್ರವ್ಯಗಳಿಂದ. ಮುಖ್ಯವಾಗಿ ಲೂಟೀನ್. ಮೊಟ್ಟೆಯ ಹಳದಿ ಭಾಗಕ್ಕೆ ಬಣ್ಣ ಕೊಡೋದೂ ಇದೇ. ಅದಕ್ಕೇ ಇವತ್ತು ಚೆಂಡು ಹೂವಿನ ಸಾರವನ್ನ ಕೋಳಿ ಆಹಾರಕ್ಕೆ, ಕಣ್ಣಿನ ಪೂರಕ ಮಾತ್ರೆಗಳಿಗೆ ಬಳಸ್ತಾರೆ. ಗುಂಡ್ಲುಪೇಟೆ ಕಡೆ ರಸ್ತೆ ಬದಿ ಎಕರೆಗಟ್ಟಲೆ ಕೇಸರಿ ಹೊಲ ಕಂಡು ಕಾರು ನಿಲ್ಲಿಸಿ ಸೆಲ್ಫಿ ತಗೊಳ್ತಾರಲ್ಲ, ಅಲ್ಲಿನ ಎಷ್ಟೋ ಹೂವು ಹೋಗೋದು ಹಾರಕ್ಕಲ್ಲ, ಬಣ್ಣ ತೆಗೆಯೋ ಕಾರ್ಖಾನೆಗೆ.

ಆ ಕಾರ್ಖಾನೆಗೆ ಬೇಕಾದದ್ದು ಸಾಧ್ಯವಾದಷ್ಟು ಕಡು ಬಣ್ಣ. ಡೇವಿಡ್ ಬರ್ಪಿಗೆ ಬೇಕಾದದ್ದು ಅದಕ್ಕೆ ಪೂರ್ತಿ ಉಲ್ಟಾ. ಆ ಬಣ್ಣ ಹೂವಿನಿಂದ ಮಾಯ ಆಗಬೇಕು. ಒಂದೇ ಏಟಿಗೆ ಅದು ಆಗಲ್ಲ. ಕೇಸರಿಯಿಂದ ಹಳದಿ, ಹಳದಿಯಿಂದ ನಿಂಬೆ ಬಣ್ಣ, ಅಲ್ಲಿಂದ ಕೆನೆ ಬಣ್ಣ, ಕೆನೆಯಿಂದ ಬಿಳಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು.

ಕೆಲಸದ ಕ್ರಮ ಮಾತ್ರ ಯಾರಿಗೂ ಅರ್ಥ ಆಗುವಂಥದ್ದು. ಈ ವರ್ಷ ಅರಳಿದ್ದರಲ್ಲಿ ಎಲ್ಲಕ್ಕಿಂತ ತೆಳು ಬಣ್ಣದ ಹೂವು ಯಾವುದು ನೋಡು. ಅದರ ಬೀಜ ಮಾತ್ರ ಎತ್ತಿಡು. ಮುಂದಿನ ವರ್ಷ ಅದನ್ನ ಬಿತ್ತು. ಮತ್ತೆ ಎಲ್ಲಕ್ಕಿಂತ ತೆಳು ಹೂವು ಆರಿಸು. ಸಸ್ಯ ವಿಜ್ಞಾನದಲ್ಲಿ ಇದಕ್ಕೆ ಆಯ್ಕೆ ಅಂತಾರೆ. ಕಾಡು ಹುಲ್ಲು ಭತ್ತ ಆದದ್ದು, ರಾಗಿ ಆದದ್ದು, ಕಾಡು ಬದನೆ ನಮ್ಮ ಈರನಗೆರೆ ಬದನೆ, ಮಟ್ಟುಗುಳ್ಳ ಆದದ್ದು ಹೀಗೆ. ಹೆಚ್ಚಿನ ಪಾಲು ಹೆಸರು ಗೊತ್ತಿಲ್ಲದ ಹೆಂಗಸರ, ಗಂಡಸರ ಕಣ್ಣು ಮತ್ತು ನೆನಪಿನಿಂದ.

ಕಷ್ಟ ಇರೋದು ಎರಡು ಕಡೆ. ಮೊದಲನೆಯದು ಜೇನುನೊಣ, ಚಿಟ್ಟೆ. ನೀವು ತೆಳು ಹೂವಿನ ಬೀಜ ತೆಗೆದರೂ, ತಾಯಿ ಯಾರು ಅಂತ ಮಾತ್ರ ನಿಮಗೆ ಗೊತ್ತು. ಪಕ್ಕದ ಕಡು ಕೇಸರಿ ಗಿಡದ ಪರಾಗವನ್ನ ನೊಣ ತಂದು ಹಾಕಿದ್ದರೆ, ತಂದೆ ಅದೇ. ಮುಂದಿನ ಪೀಳಿಗೆ ಮತ್ತೆ ಹಳದಿ ಕಡೆ ವಾಲುತ್ತೆ. ಅದಕ್ಕೇ ಬೀಜ ಬೆಳೆಯೋ ರೈತರು ಹೊಲದಲ್ಲಿ ಬೆರಕೆ ಗಿಡ ಕಂಡ ತಕ್ಷಣ ಕಿತ್ತು ಹಾಕ್ತಾರೆ.

ಎರಡನೆಯದು ಹವಾಮಾನ. ಅಯೋವಾದಲ್ಲಿ ಮೇ ತಿಂಗಳವರೆಗೂ ಹಿಮದ ಭಯ. ಅಕ್ಟೋಬರಿಗೆ ಮತ್ತೆ ಹಿಮ ಬಿದ್ದು ಚೆಂಡು ಹೂವಿನ ಗಿಡ ಕರಕಲಾಗುತ್ತೆ. ನಡುವೆ ಸಿಗೋದು ಐದು ತಿಂಗಳು. ಅಂದರೆ ಹಿತ್ತಲಲ್ಲಿ ಬೆಳೆಯೋರಿಗೆ ವರ್ಷಕ್ಕೆ ಒಂದೇ ಪೀಳಿಗೆ, ಒಂದೇ ಅವಕಾಶ. ಆ ವರ್ಷ ಮಳೆ ಹೆಚ್ಚಾಗಿ ಹೂವಿನಲ್ಲೇ ಬೀಜ ಕೊಳೆತರೆ, ಹಳೆಯ ಬೀಜ ಉಳಿದಿಲ್ಲದಿದ್ದರೆ, ಅಲ್ಲಿಗೆ ಮುಗೀತು.

ಆಲಿಸ್ ವೊಂಕ್ ಇದನ್ನ ಸುಮಾರು 20 ವರ್ಷ ಮಾಡಿದರು. ಈಗ ಈ ಲೆಕ್ಕ ನೋಡಿ. ಇಪ್ಪತ್ತು ವರ್ಷ ಅಂದ್ರೆ ಇಪ್ಪತ್ತೇ ಪೀಳಿಗೆ. ಅಷ್ಟರಲ್ಲೇ ಕೇಸರಿಯ ಜಾತಿಯನ್ನ ಬಿಳಿಯ ತನಕ ತಂದರು. ಇದೇ ಅವಧಿಯಲ್ಲಿ ದೇಶದ ಸಾವಿರಾರು ಜನ ಪ್ರಯತ್ನ ಮಾಡಿ ಬೀಜ ಕಳಿಸಿದ್ದರು. 1970ರಲ್ಲಿ ಡೇವಿಡ್ ಬರ್ಪಿ ಕಂಪನಿಯನ್ನೇ ಮಾರಿಬಿಟ್ಟ. ಆದರೂ ಬಹುಮಾನದ ಮಾತು ಹಾಗೇ ಉಳಿದಿತ್ತು. 1975ರಲ್ಲಿ ಆಲಿಸ್ ಬೀಜಕ್ಕೆ 10,000 ಡಾಲರ್ ಸಿಕ್ಕಿತು. ಆಗ ಅಮೆರಿಕದಲ್ಲಿ ಆ ದುಡ್ಡಿಗೆ ಎರಡು ಹೊಸ ಕಾರು ಬರ್ತಿತ್ತು.

ಕಂಪನಿಯ ಲೆಕ್ಕದಲ್ಲಿ ಇದು ದುಬಾರಿ ಅಲ್ಲ. 21 ವರ್ಷ ಪೇಪರುಗಳಲ್ಲಿ ಸುದ್ದಿ, ಪ್ರತಿ ವಸಂತಕ್ಕೂ ಚೆಂಡು ಹೂವಿನ ಬೀಜ ಕೊಳ್ಳೋ ಸಾವಿರಾರು ಉತ್ಸಾಹಿಗಳು. ಅದಕ್ಕೆ ಕೊಟ್ಟ ದೊಡ್ಡ ಬಹುಮಾನ 10,000. ಸೋತವರಲ್ಲಿ ಹೆಚ್ಚಿನವರ ಕೆಲಸಕ್ಕೆ ಕೂಲಿ ಇಲ್ಲ. ಹಾಗಂತ ಇದನ್ನ ಬರೀ ಮೋಸ ಅಂತ ತಳ್ಳಿಹಾಕೋಕೂ ನನಗೆ ಮನಸ್ಸಿಲ್ಲ. ಸಾಮಾನ್ಯ ಜನರ ಕಣ್ಣಿನ ಮೇಲೆ ಒಂದು ದೊಡ್ಡ ಕಂಪನಿ ಅಷ್ಟು ನಂಬಿಕೆ ಇಟ್ಟ ಉದಾಹರಣೆ ಆಮೇಲೆ ಬಹಳ ಸಿಗಲ್ಲ.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ

ಈ ಕಥೆಗೆ ನಮ್ಮ ಊರಿನ ಒಂದು ಕೊಂಡಿ ಇದೆ. ಅಮೆರಿಕದಲ್ಲಿ ಬಿಳಿ ಹೂವಿನ ಹುಡುಕಾಟ ನಡೀತಿದ್ದಾಗಲೇ, 1965ರಲ್ಲಿ, ಮನಮೋಹನ್ ಅತ್ತಾವರ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ ಶುರು ಮಾಡಿದರು. ಆರಂಭದ ಕೆಲಸ ಪೆಟೂನಿಯಾ ಹೂವಿನ ಎಫ್1 ಬೀಜ ತಯಾರಿಸಿ ರಫ್ತು ಮಾಡೋದು. 1973ರಲ್ಲಿ ಇದೇ ಸಂಸ್ಥೆ 'ಕರ್ನಾಟಕ' ಅನ್ನೋ ಹೈಬ್ರಿಡ್ ಟೊಮೆಟೊ, 'ಭಾರತ್' ಅನ್ನೋ ಹೈಬ್ರಿಡ್ ದೊಣ್ಣೆ ಮೆಣಸಿನಕಾಯಿ ತಂದು ದೇಶದ ತರಕಾರಿ ಬೇಸಾಯದ ದಾರಿಯನ್ನೇ ಬದಲಿಸಿತು.

ಪೆಟೂನಿಯಾ ಹೈಬ್ರಿಡ್ ಬೀಜ ಮಾಡೋದು ಹೇಗೆ ಗೊತ್ತಾ? ನಾಳೆ ಅರಳಬೇಕಾದ ಮೊಗ್ಗನ್ನ ಇವತ್ತೇ ಮೆಲ್ಲಗೆ ಬಿಡಿಸಬೇಕು. ಚಿಮಟದಿಂದ ಒಳಗಿನ ಗಂಡು ಭಾಗ ತೆಗೀಬೇಕು. ಆಮೇಲೆ ಇನ್ನೊಂದು ಸಾಲಿನ ಗಿಡದ ಪರಾಗ ತಂದು ಶಲಾಕೆಯ ತುದಿಗೆ ಹಚ್ಚಬೇಕು. ಹೀಗೆ ಒಂದೊಂದೇ ಹೂವಿಗೆ. ಕಾಯಿ ಬಲಿತಮೇಲೆ ಸಿಗೋ ಬೀಜ ಧೂಳಿನಷ್ಟು ಸಣ್ಣ, ಒಂದು ಗ್ರಾಮಿಗೆ ಸುಮಾರು 10,000. ಯಂತ್ರಕ್ಕೆ ಆಗದ ಕೆಲಸ ಇದು. ನಮ್ಮ ದೇಶದ ಹೈಬ್ರಿಡ್ ಬೀಜದ ತಾಕುಗಳಲ್ಲಿ ಇದನ್ನ ಹೆಚ್ಚಾಗಿ ಮಾಡೋದು ಹೆಂಗಸರು. ಇವತ್ತು ರಾಣೆಬೆನ್ನೂರಿನ ಸುತ್ತ ತರಕಾರಿ, ಹತ್ತಿ ಬೀಜದ ಹೊಲಗಳಲ್ಲೂ ಹೀಗೇ ಕೈಯಿಂದಲೇ ಪರಾಗಸ್ಪರ್ಶ ನಡೆಯುತ್ತೆ.

ಹಾಗಾಗಿ ವಸಂತ ಬಂತು ಅಂತ ಅಮೆರಿಕದ ಯಾರೋ ಅಂಗಳದಲ್ಲಿ ಬಿತ್ತಿದ ಪ್ಯಾಕೆಟ್ ಹಿಂದೆ ಬೆಂಗಳೂರಿನ ಬೆರಳುಗಳಿದ್ದವು. ಆಲಿಸ್ ವೊಂಕ್ ಹೆಸರು ಪೇಪರಿನಲ್ಲಿ ಬಂತು. ಈ ಬೆರಳುಗಳ ಹೆಸರು ಪ್ಯಾಕೆಟಿನ ಮೇಲೆ ಇಲ್ಲ. ಇಬ್ಬರ ಕೆಲಸದಲ್ಲೂ ಒಂದು ವ್ಯತ್ಯಾಸ ಇದೆ. ಆಲಿಸ್ ಯಾವ ಹೂವು ಉಳೀಬೇಕು ಅಂತ ತಾವೇ ತೀರ್ಮಾನ ಮಾಡಿದರು. ಹೈಬ್ರಿಡ್ ಹೊಲದಲ್ಲಿ ಆ ತೀರ್ಮಾನ ಕಂಪನಿಯದು. ಕೈಚಳಕ ಅಷ್ಟೇ ಕೆಲಸದವರದು.

ಹೈಬ್ರಿಡ್ ಅಂದ್ರೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ದಸರಾ ಹೊತ್ತಿಗೆ ಸರಿಯಾಗಿ, ಒಂದೇ ಗಾತ್ರದ ಹೂವು ಮಾರುಕಟ್ಟೆಗೆ ತರಬೇಕಾದ ರೈತರಿಗೆ ಅದರಿಂದ ಲಾಭ ಇದೆ. ಆದರೆ ಆಯ್ಕೆ ಮಾಡೋ ಹಕ್ಕು ಪೂರ್ತಿ ಬೇರೆಯವರಿಗೆ ಹೋಗಬಾರದು. ನಮ್ಮ ದೇಶದ ಕಾನೂನೂ ಇದನ್ನ ಗಮನದಲ್ಲಿ ಇಟ್ಕೊಂಡಿದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ, ನೋಂದಣಿ ಆದ ತಳಿಯ ಬೀಜವನ್ನೂ ರೈತರು ಎತ್ತಿಡಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಬ್ರಾಂಡ್ ಹಾಕಿ ಮಾತ್ರ ಮಾರುವಂತಿಲ್ಲ. ಹಕ್ಕು ಕಾಗದದಲ್ಲಿ ಇದೆ. ಎತ್ತಿಟ್ಟ ಬೀಜ ಅದೇ ಬೆಳೆ ಕೊಡದಿದ್ದರೆ ಆ ಹಕ್ಕು ಅರ್ಧ ಮಾತ್ರ ಕೈಗೆ ಸಿಗುತ್ತೆ.

ಸಾರ್ವಜನಿಕ ಸಂಸ್ಥೆಗಳು ಇಲ್ಲಿ ಮುಖ್ಯ ಆಗೋದು ಇದಕ್ಕೇ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ 'ಪೂಸಾ ನಾರಂಗಿ ಗೇಂದಾ' ಅನ್ನೋ ಚೆಂಡು ಹೂವಿನ ತಳಿ ಹುಟ್ಟಿದ್ದು 'ಕ್ರ್ಯಾಕರ್ ಜ್ಯಾಕ್', 'ಗೋಲ್ಡನ್ ಜ್ಯೂಬಿಲಿ' ಅನ್ನೋ ಎರಡು ವಿದೇಶಿ ತಳಿಗಳನ್ನ ಬೆರೆಸಿ, ಆಮೇಲೆ ಪೀಳಿಗೆಯಿಂದ ಪೀಳಿಗೆಗೆ ಆರಿಸ್ತಾ ಹೋಗಿ. ಅದು ಎಫ್1 ಅಲ್ಲ. ಎಚ್ಚರದಿಂದ ಬೀಜ ಎತ್ತಿಟ್ಟರೆ ಅದೇ ಹೂವು ಬರುತ್ತೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದಲೂ 'ಅರ್ಕಾ ಅಗ್ನಿ', 'ಅರ್ಕಾ ಬಂಗಾರ'ದಂಥ ತಳಿಗಳು ಬಂದಿವೆ.

ನಿಮ್ಮ ಬಾಲ್ಕನಿಯಲ್ಲಿ

ಇವತ್ತು ಬಿಳಿ ಚೆಂಡು ಹೂವಿನ ಬೀಜ ಆನ್‌ಲೈನಿನಲ್ಲೇ ಸಿಗುತ್ತೆ. 'ವೆನಿಲಾ' ಅನ್ನೋ ಹೆಸರಿನದು ಪ್ರಸಿದ್ಧ. ಅದೂ ಎಫ್1. ಇಪ್ಪತ್ತು ವರ್ಷದ ಆಯ್ಕೆಯಿಂದ ಹಿತ್ತಲಲ್ಲಿ ಹುಟ್ಟಿದ ಬಣ್ಣ ಕೊನೆಗೆ ಹೈಬ್ರಿಡ್ ಪ್ಯಾಕೆಟಿನಲ್ಲೇ ವಾಪಸ್ ಬಂತು.

ಆದರೆ ಆಲಿಸ್ ಮಾಡಿದ ಕೆಲಸ ಯಾರೂ ಕಿತ್ತುಕೊಂಡಿಲ್ಲ. ಅದಕ್ಕೆ ನಮ್ಮ ಹತ್ತಿರ ಅವರಿಗಿಂತ ಒಳ್ಳೆ ಅನುಕೂಲ ಇದೆ. ಕರ್ನಾಟಕದ ಬಯಲುಸೀಮೆಯಲ್ಲಿ ಚೆಂಡು ಹೂವು ಹೆಚ್ಚುಕಡಿಮೆ ವರ್ಷವಿಡೀ ಬೆಳೆಯುತ್ತೆ. ಬಿತ್ತಿದ ಸುಮಾರು ಎರಡು ತಿಂಗಳಿಗೆ ಹೂವು, ಇನ್ನೂ ಒಂದೂವರೆ ಎರಡು ತಿಂಗಳಿಗೆ ಒಣ ಬೀಜ. ವರ್ಷಕ್ಕೆ ಎರಡು, ಮನಸ್ಸು ಮಾಡಿದರೆ ಮೂರು ಪೀಳಿಗೆ. ಆಲಿಸ್‌ಗೆ ಇಪ್ಪತ್ತು ವರ್ಷ ಹಿಡಿದ ಪೀಳಿಗೆಗಳು ನಮಗೆ ಏಳೆಂಟು ಹತ್ತು ವರ್ಷದಲ್ಲಿ ಮುಗಿಯುತ್ತವೆ.

ಮಾಡೋದು ಇಷ್ಟೇ. ಮುಂದಿನ ಹಬ್ಬದ ಹಾರದಲ್ಲಿ, ಇಲ್ಲಾ ನಿಮ್ಮ ಕುಂಡದಲ್ಲಿ, ನಿಮಗೆ ಇಷ್ಟವಾದ ಒಂದು ಗುಣ ನೋಡಿ. ಬಣ್ಣ ಆಗಬಹುದು, ತುಂಬಿದ ಎಸಳು ಆಗಬಹುದು, ಮಳೆಗೆ ಕೊಳೆಯದ ಗಿಡ ಆಗಬಹುದು. ಒಂದೇ ಗುಣ ಸಾಕು, ಐದು ಗುಣದ ಹಿಂದೆ ಓಡಬೇಡಿ. ಕುಂಡದ ಗಿಡವಾದರೆ ಆ ಹೂವಿಗೆ ಬಣ್ಣದ ದಾರ ಕಟ್ಟಿ, ಕೀಳಬೇಡಿ. ಗಿಡದಲ್ಲೇ ಕಂದು ಬಣ್ಣಕ್ಕೆ ತಿರುಗಿ ಒಣಗಲಿ. ಆಮೇಲೆ ತೆಗೆದು ನೆರಳಲ್ಲಿ ಒಂದು ವಾರ ಹರಡಿ. ಬೀಜ ಗಟ್ಟಿಯಾಗಿ, ಕಪ್ಪಾಗಿ ಇರಬೇಕು. ಪ್ಲಾಸ್ಟಿಕ್ ಬೇಡ, ಕಾಗದದ ಕವರಿನಲ್ಲಿ ಹಾಕಿ ತಾರೀಕು ಬರೆಯಿರಿ. ಸ್ವಲ್ಪ ಬೀಜ ಬಿತ್ತದೆ ಉಳಿಸಿಕೊಳ್ಳಿ, ಒಂದು ಬೆಳೆ ಹಾಳಾದರೂ ಕೈ ಖಾಲಿ ಆಗಲ್ಲ. ಮುಂದಿನ ಸಲ ಬಿತ್ತಿದಾಗ ಬೇರೆ ಥರದ ಗಿಡಗಳನ್ನ ಮೊದಲ ಹೂವು ಕಂಡ ತಕ್ಷಣ ದೂರ ಇಡಿ, ನೊಣ ಬೆರಕೆ ಮಾಡೋ ಮುಂಚೆ.

ಪ್ಯಾಕೆಟ್ ಮೇಲೆ ಎಫ್1 ಅಂತ ಇದ್ದರೂ ಹೆದರಬೇಡಿ. ಅದರ ಬೀಜ ಹಾಕಿದರೆ ಹತ್ತು ಥರ ಬರುತ್ತೆ ಅಂದೆನಲ್ಲ, ಆರಿಸೋರಿಗೆ ಬೇಕಾದದ್ದು ಆ ಹತ್ತು ಥರವೇ. ಕಂಪನಿಯ ಬೀಗ ಅಲ್ಲಿಂದಲೇ ಸಡಿಲ ಆಗೋದು. ಹಿತ್ತಲ ಗಿಡ ಮದ್ದಲ್ಲ ಅಂತಾರೆ. 21 ವರ್ಷ ಒಂದು ದೊಡ್ಡ ಕಂಪನಿ ಕಾದದ್ದು ಹಿತ್ತಲ ಗಿಡಕ್ಕೇ.

ನಿಮ್ಮ ಮನೆಯಲ್ಲಿ ಅಜ್ಜಿಯೋ ಅಮ್ಮನೋ ವರ್ಷಾನುಗಟ್ಟಲೆ ಎತ್ತಿಟ್ಟುಕೊಂಡು ಬಂದಿರೋ ಹೂವಿನ ಬೀಜ ಇದ್ದರೆ, ಅವರು ಯಾವ ಹೂವನ್ನ ಆರಿಸ್ತಿದ್ದರು, ಯಾಕೆ ಅಂತ ಕೇಳಿ ನೋಡಿ. ಕೇಳಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಬೀಜ ಕವರಿನಲ್ಲಿ ಉಳಿಯುತ್ತೆ, ಆರಿಸೋ ಕ್ರಮ ಅವರ ತಲೆಯಲ್ಲಿ ಮಾತ್ರ ಇರುತ್ತೆ.